ವಿಜ್ಞಾನದ ಗುರು ಎಚ್. ನರಸಿಂಹಯ್ಯ

ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಹೊಸೂರೆಂಬ ಊರಿದೆ. ಅಲ್ಲಿನ ಬಡ ಕುಟುಂಬವೊಂದರಲ್ಲಿ 1920ರಲ್ಲಿ ಎಚ್. ನರಸಿಂಹಯ್ಯನವರು ಜನಿಸಿದರು. ಓದುವ ಹಂಬಲ ಹೊತ್ತ ಈ ಬಾಲಕನು 1935ರಲ್ಲಿ ಎರಡು ದಿನ ಕಾಲ್ನಡಿಗೆಯಲ್ಲಿ ಸಾಗಿ ಬೆಂಗಳೂರನ್ನು ತಲಪಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದನು. ಮರುವರ್ಷ ಅಲ್ಲಿಗೆ ಬಂದ ಗಾಂಧೀಜಿಯವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಭಾಗ್ಯವೂ ಅವನದಾಯಿತು. 1942ರ ಚಳವಳಿಯಲ್ಲಿ ಅವರು ಓದನ್ನು ತೊರೆದು ಸೆರೆಮನೆ ಕಂಡರು. ಬಳಿಕ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ವ್ಯಾಸಂಗವನ್ನು ಪೂರೈಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು.

ಮುಂದೆ ಅವರು ನ್ಯೂಕ್ಲಿಯರ್ ಭೌತಶಾಸ್ತ್ರದ ಸಂಶೋಧನೆಗಾಗಿ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಆ ವಿದ್ಯಾಲಯದ ಹೆಸರು ಒಂದು ಅಪರೂಪದ ಧಾತುವಿನ ಶೋಧದೊಡನೆ ಆಗಲೇ ಬೆಸೆದುಕೊಂಡಿತ್ತು. ಧಾತುಗಳ ಆವರ್ತ ಕೋಷ್ಟಕದಲ್ಲಿ 60ನೆಯ ನಿಯೋಡಿಮಿಯಂ ಮತ್ತು 62ನೆಯ ಸಮೇರಿಯಂಗಳ ನಡುವಣ ಸ್ಥಾನ ಬಹುಕಾಲ ಬರಿದಾಗಿತ್ತು. 1938ರಲ್ಲಿ ಒಹಾಯೋ ವಿಜ್ಞಾನಿಗಳು ಸೈಕ್ಲೋಟ್ರಾನ್ ಯಂತ್ರದಿಂದ ವೇಗ ಪಡೆದ ಕಣಗಳನ್ನು ನಿಯೋಡಿಮಿಯಂ ಮೇಲೆ ಹಾಯಿಸಿ, ವಿಕಿರಣಶೀಲ ಪರಮಾಣುಗಳನ್ನು ಪಡೆದರು. ಇವುಗಳಲ್ಲಿ 61ನೆಯ ಧಾತುವೂ ಇದೆಯೆಂದು ಅವರು ಊಹಿಸಿದರು. ಆದರೆ ರಾಸಾಯನಿಕ ವಿಧಾನದಿಂದ ಅದನ್ನು ಬೇರ್ಪಡಿಸಿ ತೋರಿಸಲಾಗಲಿಲ್ಲ. ಆದಕಾರಣ ಆ ಶೋಧಕ್ಕೆ ಮನ್ನಣೆ ದೊರೆಯಲಿಲ್ಲ.

1945ರಲ್ಲಿ ಓಕ್ ರಿಜ್ ಎಂಬಲ್ಲಿ ಮರಿನ್‌ಸ್ಕಿ, ಗ್ಲೆಂಡೆನಿನ್ ಮತ್ತು ಕೊರಿಯೆಲ್ ಎಂಬ ಮೂವರು, ಯುರೇನಿಯಂ ವಿದಳನದಿಂದ ಉಳಿದ ವಸ್ತುಗಳಲ್ಲಿ ಆ ಧಾತುವನ್ನು ಬೇರ್ಪಡಿಸಿ ಗುರುತಿಸಿದರು. ದೇವಲೋಕದಿಂದ ಬೆಂಕಿಯನ್ನು ಕದ್ದು ಮನುಷ್ಯರಿಗೆ ತಂದಿತ್ತ ಗ್ರೀಕ್ ಪುರಾಣದ ಪ್ರೊಮಿಥಿಯಸನ ನೆನಪಿಗಾಗಿ ಅದಕ್ಕೆ ಪ್ರೊಮೀಥಿಯಂ ಎಂಬ ಹೆಸರಾಯಿತು. ನಿಸರ್ಗದಲ್ಲಿ ಅದು ಅತ್ಯಲ್ಪ. ಬೇಕಾದಷ್ಟನ್ನು ಮನುಷ್ಯನೇ ತಯಾರಿಸಬೇಕು. ಅದಕ್ಕೆ ಸ್ಥಿರವಾದ ಐಸೊಟೋಪು ಒಂದೂ ಇಲ್ಲ. ಹೆಚ್ಚಾಗಿ ಬಳಕೆಯಲ್ಲಿರುವ ಪ್ರೊಮೀಥಿಯಂ-147ರ ಅರ್ಧಾಯುಷ್ಯ ಸುಮಾರು 2.6 ವರ್ಷ. ಅದು ಹೊರಸೂಸುವ ಬೀಟಾ ಕಣಗಳನ್ನು ಕತ್ತಲಲ್ಲಿ ಹೊಳೆಯುವ ಬಣ್ಣಗಳಿಗೂ ಪುಟ್ಟ ಬ್ಯಾಟರಿಗಳಿಗೂ ಬಳಸಿಕೊಂಡಿದ್ದಾರೆ.

ಊಹೆ ಎಷ್ಟೇ ಸಮಂಜಸವಾಗಿರಲಿ, ಪುರಾವೆಯಿಲ್ಲದೆ ಅದು ಸತ್ಯವೆನಿಸದು ಎಂಬುದೇ ಈ ಶೋಧದ ಪಾಠ. 1960ರಲ್ಲಿ ಡಾಕ್ಟರೇಟ್ ಪದವಿ ಪಡೆದ ನರಸಿಂಹಯ್ಯನವರು ಇದೇ ನಿಯಮವನ್ನು ಪ್ರಯೋಗಾಲಯದ ಹೊರಗೂ ಪಾಲಿಸಿದರು. ಜನಸಾಮಾನ್ಯರಿಗೆ ವಿಜ್ಞಾನವನ್ನು ತಿಳಿಸಲು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿಯೊಂದನ್ನು ರಚಿಸಿದರು. ಅನೇಕರು ಇದನ್ನು ಕಟುವಾಗಿ ಟೀಕಿಸಿದರು. ಉನ್ನತ ಪದವಿಯಲ್ಲಿದ್ದವರಿಗೆ ಮೌನವೇ ಸುಲಭದ ದಾರಿಯಾಗಿತ್ತು. ಆದರೂ ಅವರು ಪ್ರಶ್ನಿಸುವುದನ್ನು ಬಿಡಲಿಲ್ಲ.

ಅವಿವಾಹಿತರಾಗಿ, ಖಾದಿಯನ್ನುಟ್ಟು, ವಿದ್ಯಾರ್ಥಿನಿಲಯದ ಪುಟ್ಟ ಕೊಠಡಿಯಲ್ಲಿ ಬಾಳಿದ ಅವರು 2005ರ ಜನವರಿ 31ರಂದು ನಿಧನರಾದರು. ಅಂದು ಹೊಸೂರಿನ ಬಾಲಕನು ವಿದ್ಯೆಗಾಗಿ ಬೆಂಗಳೂರಿಗೆ ನಡೆದು ಹೋಗಬೇಕಾಯಿತು. ಇಂದು ಗೌರಿಬಿದನೂರಿನಲ್ಲಿಯೇ ನ್ಯಾಷನಲ್ ಕಾಲೇಜು ಇದೆ.