ಎಲ್ಲವನ್ನೂ ಬರೆದಿಟ್ಟ ಸರ್ಜನ್

ಕೋಡಿಂಗ್ ಅಂದ ಕೂಡಲೇ ನಮಗೆ ನೆನಪಾಗೋದು ಪೈಥಾನ್, ಜಾವಾ. ಮೆಡಿಕಲ್ ಕೋಡಿಂಗ್ ಕೆಲಸ ಅಂತ ಕಂಡರೆ ಮುಂದಕ್ಕೆ ಸ್ಕ್ರೋಲ್ ಮಾಡಿಬಿಡ್ತೀವಿ. ಹಾರ್ವೆ ಕುಶಿಂಗ್ ಬಗ್ಗೆ ಓದಿದ ಮೇಲೆ ಹಾಗೆ ಮಾಡೋಕೆ ಮನಸ್ಸು ಬರ್ತಿಲ್ಲ.

ಕುಶಿಂಗ್ ಹುಟ್ಟಿದ್ದು 1869ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ. ಹಾರ್ವರ್ಡ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಆಪರೇಷನ್‌ಗೆ ಮುಂಚೆ ಈಥರ್ ಕೊಡೋ ಕೆಲಸ ಅವರ ಪಾಲಿಗೆ ಬಂತು. ಈಥರ್ ಕೊಡುತ್ತಿರುವಾಗಲೇ ಒಬ್ಬ ರೋಗಿಯ ಪ್ರಾಣ ಹೋಯಿತು. ಓದೇ ಬಿಟ್ಟುಬಿಡೋಣ ಅನ್ನಿಸಿತ್ತಂತೆ. ಬಿಡಲಿಲ್ಲ, ಗೆಳೆಯ ಕಾಡ್ಮನ್ ಜೊತೆ ಸೇರಿ ಈಥರ್ ಕೊಡುವಾಗ ನಾಡಿ, ಉಸಿರಾಟ ಗುರುತು ಹಾಕುವ ಚಾರ್ಟ್ ಮಾಡಿದರು. ಇವತ್ತು ಆಪರೇಷನ್ ಥಿಯೇಟರಿನಲ್ಲಿ ಬರೆಯುವ ಅನಸ್ತೇಸಿಯಾ ರೆಕಾರ್ಡಿನ ಬೇರು ಅಲ್ಲಿದೆ.

ಮುಂದೆ ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಮೆದುಳಿನ ಗಡ್ಡೆಗಳನ್ನು ತೆಗೆಯುತ್ತಾ ಹೋದರು. 1931ರ ಹೊತ್ತಿಗೆ ಲೆಕ್ಕ 2000 ಮುಟ್ಟಿತು. ಈ ಲೆಕ್ಕಕ್ಕೆ ಒಂದು ಷರತ್ತಿತ್ತು: ಗಡ್ಡೆ ಯಾವ ಜಾತಿಯದು ಅಂತ ಪರೀಕ್ಷೆಯಲ್ಲಿ ಖಚಿತವಾಗಿರಬೇಕು. ಸತ್ತವರ ಲೆಕ್ಕವನ್ನೂ ಮುಚ್ಚಿಡದೆ ಅಚ್ಚು ಹಾಕಿಸಿದರು. ಗುಣವಾಗಿ ಮನೆಗೆ ಹೋದವರು ವರ್ಷಕ್ಕೊಮ್ಮೆ ಕಾಗದ ಬರೆದು ಹೇಗಿದ್ದೇವೆ ಅಂತ ತಿಳಿಸಬೇಕಿತ್ತು. ಕೈಕೆಳಗಿನವರ ಮೇಲೆ ವಿಪರೀತ ರೇಗುತ್ತಿದ್ದರಂತೆ, ಅದೂ ನಿಜವೇ. ದಾಖಲೆಗಳನ್ನು ಕಾಪಾಡಿದವರು ಲೂಯಿಸ್ ಐಸೆನ್‌ಹಾರ್ಟ್. ಸಹಾಯಕಿಯಾಗಿ ಸೇರಿದವರು ಆಮೇಲೆ ಸ್ವತಃ ಡಾಕ್ಟರಾದರು. ಅವರ ಹೆಸರು ಯಾರೂ ಹೇಳಲ್ಲ.

1926ರಲ್ಲಿ ಪರ್ಸಿವಲ್ ಬೈಲಿ ಜೊತೆ ಕುಶಿಂಗ್ ಗ್ಲಿಯೋಮಾ ಗಡ್ಡೆಗಳನ್ನು ವಿಂಗಡಿಸಿದರು. ಜೀವಕೋಶ ನೋಡಿ ಹೆಸರು, ಹೆಸರಿನ ಪಕ್ಕದಲ್ಲಿ ರೋಗಿ ಎಷ್ಟು ಕಾಲ ಬದುಕಿದ ಅನ್ನೋ ಲೆಕ್ಕ. ಮೆನಿಂಜಿಯೋಮಾ ಅನ್ನೋ ಹೆಸರನ್ನು ಅದಕ್ಕೂ ಮುಂಚೆ, 1922ರಲ್ಲೇ, ಕೊಟ್ಟಿದ್ದರು.

ಸಂಡೂರಿನ ಅದಿರಿನ ಲಾರಿ ನಮಗೆಲ್ಲ ಗೊತ್ತು. ಯಾವ ಗಣಿಯದು, ಯಾವ ಗ್ರೇಡು, ಎರಡೂ ಬೇಕು. ಗಡ್ಡೆಗೂ ಹಾಗೇ. ಮೆದುಳಿನ ಮುಂಭಾಗದ್ದಾದರೆ ಐಸಿಡಿ-10ರಲ್ಲಿ ಸಿ71.1, ಅದು ಗ್ಲಿಯೋಬ್ಲಾಸ್ಟೋಮಾ ಆದರೆ ಜಾತಿಯ ಕೋಡ್ 9440/3. ಕೊನೆಯ 3 ಅಂದರೆ ಕ್ಯಾನ್ಸರ್. ಸಾಧಾರಣ ಮೆನಿಂಜಿಯೋಮಾ 9530/0, ಆ ಸೊನ್ನೆ ಅಂದರೆ ಕ್ಯಾನ್ಸರ್ ಅಲ್ಲ. ಶ್ವಾಸಕೋಶದಿಂದ ಮೆದುಳಿಗೆ ಹರಡಿದ್ದಾದರೆ ಸಿ71 ಅಲ್ಲವೇ ಅಲ್ಲ, ಸಿ79.3. ಕಂಪ್ಲಿಯಿಂದ ಬಳ್ಳಾರಿಗೆ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಹೋಗುವವರ ಪ್ಲಾಸ್ಟಿಕ್ ಕವರಿನಲ್ಲಿ ಇರೋದು ಇದೇ ಕಾಗದ. ಬರೀ ಬ್ರೈನ್ ಟ್ಯೂಮರ್ ಅಂತ ಬರೆದಿದ್ದರೆ ಕೋಡರ್ ಊಹಿಸುವಂತಿಲ್ಲ, ಡಾಕ್ಟರನ್ನೇ ಕೇಳಬೇಕು. ಕಿದ್ವಾಯಿಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅಲ್ಲಿನ ಎಣಿಕೆಯೂ ಇಂಥ ಸಾಲುಗಳ ಮೇಲೇ ನಿಂತಿದೆ.

ಕುಶಿಂಗ್ 1939ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಮೆದುಳಿನಲ್ಲೂ ಒಂದು ಸಣ್ಣ ಕೊಲಾಯ್ಡ್ ಸಿಸ್ಟ್ ಸಿಕ್ಕಿತು. ಅವರು ಜೋಪಾನ ಮಾಡಿದ್ದ ಮೆದುಳಿನ ಜಾಡಿಗಳು, ರೋಗಿಗಳ ಫೋಟೋಗಳು ಯೇಲ್ ವಿಶ್ವವಿದ್ಯಾಲಯದ ಮೆಡಿಕಲ್ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಧೂಳು ಹಿಡಿದು ಬಿದ್ದಿದ್ದವು. ವಿದ್ಯಾರ್ಥಿಗಳು ರಾತ್ರಿ ಕದ್ದು ಹೋಗಿ ನೋಡಿ ಬರುತ್ತಿದ್ದರಂತೆ. 2010ರಿಂದ ಅವು ಅಲ್ಲೇ ಲೈಬ್ರರಿಯಲ್ಲಿ ಪ್ರದರ್ಶನಕ್ಕಿವೆ.