ವಿದ್ಯೆಯೇ ಮನೆತನದ ಆಸ್ತಿ: ಮೇಡಂ ಕ್ಯೂರಿ

ಮೇಡಂ ಕ್ಯೂರಿಯವರ ಕೀರ್ತಿ ಬೆಳಗಿದ್ದು ಫ್ರಾನ್ಸಿನಲ್ಲಾದರೂ ಅವರ ಬಾಳಿನ ಬೇರುಗಳಿದ್ದುದು ಪೋಲೆಂಡಿನ ಒಂದು ಶಿಕ್ಷಕ ಮನೆತನದಲ್ಲಿ. ಅಜ್ಜ ಯೂಝೆಫ್ ಸ್ಕ್ಲೊಡೊವ್‌ಸ್ಕಿಯವರು ಲುಬ್ಲಿನ್ ನಗರದಲ್ಲಿ ಅಧ್ಯಾಪಕರಾಗಿದ್ದರು. ತಂದೆ ವ್ಲಾಡಿಸ್ಲಾವ್ ಅವರು ಗಣಿತ ಮತ್ತು ಭೌತವಿಜ್ಞಾನಗಳ ಉಪಾಧ್ಯಾಯರು. ತಾಯಿ ಬ್ರೋನಿಸ್ಲಾವಾ ಅವರು ವಾರ್ಸಾದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸುತ್ತಿದ್ದವರು. ಈ ದಂಪತಿಗಳ ಐವರು ಮಕ್ಕಳಲ್ಲಿ ಕಿರಿಯವರಾಗಿ ಮಾರಿಯಾ 1867ರ ನವೆಂಬರ್ 7ರಂದು ಜನಿಸಿದರು.

ಅಂದು ವಾರ್ಸಾ ರಷ್ಯದ ಚಕ್ರಾಧಿಪತ್ಯಕ್ಕೆ ಒಳಪಟ್ಟಿತ್ತು. ಶಾಲೆಗಳಲ್ಲಿ ನಾಡಭಾಷೆಯನ್ನು ಹತ್ತಿಕ್ಕಿ ರಷ್ಯನ್ ಭಾಷೆಯನ್ನು ಹೇರಲಾಗಿತ್ತು. ದೇಶಾಭಿಮಾನಿಯಾದ ತಂದೆ ಮೇಲಧಿಕಾರಿಗಳ ಅವಕೃಪೆಗೆ ಗುರಿಯಾಗಿ ಹುದ್ದೆಯನ್ನು ಕಳೆದುಕೊಂಡರು. ಸಂಸಾರ ಸಾಗಿಸಲು ವಿದ್ಯಾರ್ಥಿಗಳನ್ನು ಮನೆಯಲ್ಲಿರಿಸಿಕೊಂಡು ಊಟ, ವಸತಿ, ಪಾಠಗಳನ್ನು ಒದಗಿಸಬೇಕಾಯಿತು. ಹಿರಿಯ ಮಗಳು ಝೋಫಿಯಾ ಟೈಫಸ್ ಜ್ವರಕ್ಕೆ ಬಲಿಯಾದರು. 1878ರಲ್ಲಿ ತಾಯಿಯೂ ಕ್ಷಯರೋಗದಿಂದ ಕಣ್ಮರೆಯಾದರು. ಮಾರಿಯಾ ಆಗ ಹತ್ತು ವರ್ಷದ ಬಾಲಕಿ. ಬಡತನ, ದುಃಖಗಳ ನಡುವೆಯೂ ತಂದೆ ಮಕ್ಕಳ ಜ್ಞಾನದಾಹವನ್ನು ಬತ್ತಗೊಡಲಿಲ್ಲ. ಸರಕಾರ ಶಾಲೆಗಳಲ್ಲಿ ಪ್ರಯೋಗಪಾಠಗಳನ್ನು ನಿಲ್ಲಿಸಿದಾಗ ಅವರು ಮನೆಗೆ ತಂದಿರಿಸಿದ್ದ ಉಪಕರಣಗಳೇ ಮಗಳು ಕಂಡ ಮೊದಲ ವಿಜ್ಞಾನ ಸಾಮಗ್ರಿಗಳು.

ಮಾರಿಯಾ 1883ರಲ್ಲಿ ಸ್ವರ್ಣಪದಕದೊಡನೆ ಪ್ರೌಢ ವ್ಯಾಸಂಗ ಮುಗಿಸಿದರು. ಆದರೆ ವಾರ್ಸಾ ವಿಶ್ವವಿದ್ಯಾಲಯದ ಬಾಗಿಲು ಸ್ತ್ರೀಯರಿಗೆ ಮುಚ್ಚಿತ್ತು. ಆಗ ಅಕ್ಕ ಬ್ರೋನ್ಯಾ ಮತ್ತು ತಂಗಿ ಪರಸ್ಪರ ಒಂದು ಒಪ್ಪಂದ ಮಾಡಿಕೊಂಡರು: ಅಕ್ಕ ಪ್ಯಾರಿಸ್ಸಿನಲ್ಲಿ ವೈದ್ಯಶಾಸ್ತ್ರ ಓದಲು ತಂಗಿ ದುಡಿದು ಹಣ ಕಳುಹಿಸುವುದು, ಆಮೇಲೆ ತಂಗಿಯ ವ್ಯಾಸಂಗಕ್ಕೆ ಅಕ್ಕ ನೆರವಾಗುವುದು. ಅದರಂತೆ ಮಾರಿಯಾ ಶ್ಚೂಕಿ ಗ್ರಾಮದ ಸಿರಿವಂತರ ಮನೆಯಲ್ಲಿ ಮಕ್ಕಳ ಶಿಕ್ಷಕಿಯಾದರು. ಬಿಡುವಿನ ವೇಳೆಯಲ್ಲಿ ರೈತರ ಮಕ್ಕಳಿಗೆ, ಆಳರಸರ ಶಿಕ್ಷೆಗೆ ಅಂಜದೆ, ತಾಯ್ನುಡಿಯ ಅಕ್ಷರ ಕಲಿಸಿದರು. ಅಕ್ಕ ಮಾತು ತಪ್ಪಲಿಲ್ಲ. 1891ರಲ್ಲಿ ಮಾರಿಯಾ ಪ್ಯಾರಿಸ್ ಸೇರಿ ಮೇರಿ ಎನಿಸಿದರು. 1893ರ ಭೌತವಿಜ್ಞಾನ ಪದವಿ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಅವರದಾಯಿತು.

1895ರಲ್ಲಿ ಪಿಯರ್ ಕ್ಯೂರಿಯವರೊಡನೆ ವಿವಾಹವಾಯಿತು. 1898ರಲ್ಲಿ ದಂಪತಿಗಳು ಎರಡು ಹೊಸ ಧಾತುಗಳ ಇರವನ್ನು ಸಾರಿದರು. ಭೂಪಟದಿಂದ ಅಳಿಸಿಹೋಗಿದ್ದ ತಾಯ್ನಾಡಿನ ಹೆಸರಿನಲ್ಲಿ ಮೇರಿ ಒಂದನ್ನು ಪೊಲೋನಿಯಂ ಎಂದು ಕರೆದರು, ಇನ್ನೊಂದು ರೇಡಿಯಂ. 1903ರಲ್ಲಿ ಬೆಕೆರೆಲ್ ಅವರೊಡನೆ ಇಬ್ಬರೂ ನೊಬೆಲ್ ಪಾರಿತೋಷಕಕ್ಕೆ ಭಾಜನರಾದರು.

1906ರಲ್ಲಿ ಪಿಯರ್ ಬಂಡಿಯ ಕೆಳಗೆ ಸಿಕ್ಕಿ ಅಸುನೀಗಿದರು. ಇಬ್ಬರು ಎಳೆಯ ಹೆಣ್ಣುಮಕ್ಕಳನ್ನು ಮಾವನವರಾದ ಡಾಕ್ಟರ್ ಯೂಜೀನ್ ಕ್ಯೂರಿಯವರು 1910ರಲ್ಲಿ ತೀರಿಕೊಳ್ಳುವವರೆಗೂ ಅಕ್ಕರೆಯಿಂದ ಸಲಹಿದರು. ಮೇರಿ ಪತಿಯ ಅಧ್ಯಾಪಕ ಪೀಠವನ್ನೇರಿ ಸೋರ್ಬಾನ್‌ನಲ್ಲಿ ಬೋಧಿಸಿದ ಪ್ರಥಮ ಮಹಿಳೆಯಾದರು. ಆದರೂ 1911ರಲ್ಲಿ ವಿಜ್ಞಾನ ಅಕಾಡೆಮಿ ಅವರಿಗೆ ಸದಸ್ಯತ್ವವೀಯಲಿಲ್ಲ. ಪತ್ರಿಕೆಗಳು ಪರದೇಶದವಳೆಂದು ಹಳಿದವು. ಅದೇ ವರ್ಷ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಅವರನ್ನು ಅರಸಿ ಬಂದಿತು. ಹಳಿದ ನಾಡಿನ ಗಾಯಾಳು ಯೋಧರಿಗಾಗಿಯೇ ಅವರು ಮೊದಲ ಮಹಾಯುದ್ಧದಲ್ಲಿ ಹಿರಿಯ ಮಗಳು ಐರೀನಳೊಡನೆ ಕ್ಷ-ಕಿರಣದ ವಾಹನಗಳಲ್ಲಿ ಸಂಚರಿಸಿ ಸೇವೆಗೈದರು.

ರೇಡಿಯಂ ತಯಾರಿಕೆಯ ವಿಧಾನಕ್ಕೆ ಕ್ಯೂರಿ ದಂಪತಿಗಳು ಹಕ್ಕುಸ್ವಾಮ್ಯ ಪಡೆಯಲಿಲ್ಲ. ಬೆಲೆ ಏರಿ ಸಂಶೋಧನೆಗೆ ಅದೇ ದುರ್ಲಭವಾದಾಗ, ಅಮೆರಿಕದ ಮಹಿಳೆಯರು ಚಂದಾ ಕೂಡಿಸಿ 1921ರಲ್ಲಿ ಒಂದು ಗ್ರಾಂ ರೇಡಿಯಂ ಅರ್ಪಿಸಿದರು. 1932ರಲ್ಲಿ ವಾರ್ಸಾದಲ್ಲಿ ರೇಡಿಯಂ ಸಂಸ್ಥೆ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರು ಅಕ್ಕ ಬ್ರೋನ್ಯಾ. ಹಳೆಯ ಒಪ್ಪಂದ ಇಡೀ ನಾಡಿಗೆ ಫಲ ಕೊಟ್ಟಿತು.

1934ರ ಜುಲೈ 4ರಂದು ಮೇರಿ ರಕ್ತದ ವ್ಯಾಧಿಯಿಂದ ನಿಧನರಾದರು. ಮರುವರ್ಷವೇ ಐರೀನ್ ಪತಿಯೊಡನೆ ನೊಬೆಲ್ ಪಡೆದರು. ಕಿರಿಯ ಮಗಳು ಈವ್ 1937ರಲ್ಲಿ ತಾಯಿಯ ಜೀವನಚರಿತ್ರೆಯನ್ನು ಪ್ರಕಟಿಸಿದರು. 1995ರಲ್ಲಿ ಫ್ರಾನ್ಸ್ ಮೇರಿಯವರ ಪಾರ್ಥಿವಾವಶೇಷವನ್ನು ತನ್ನ ಮಹಾಪುರುಷರ ಸಮಾಧಿಮಂದಿರವಾದ ಪ್ಯಾಂಥಿಯಾನ್‌ಗೆ ಬರಮಾಡಿಕೊಂಡಿತು. ಹೊಲಮನೆಗಳನ್ನು ಬಿಟ್ಟುಹೋಗಲಾರದ ಬಡ ಉಪಾಧ್ಯಾಯರೊಬ್ಬರು ಮಕ್ಕಳಿಗಿತ್ತ ವಿದ್ಯೆ ಮೂರು ತಲೆಮಾರು ಸವೆಯದೆ ಲೋಕಕ್ಕೆ ಬೆಳಕಾಯಿತು.