ಅಲೆಗ್ಜಾಂಡರ್ ಹ್ಯಾಮಿಲ್ಟನ್

ಕುಲದಿಂದಲ್ಲ, ಕಾಯಕದಿಂದಲೇ ಹಿರಿಮೆಯೆಂಬುದನ್ನು ಶರಣಸಂತತಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ದೂರದ ಅಮೆರಿಕಾ ಖಂಡದಲ್ಲಿಯೂ ಇದಕ್ಕೆ ನಿದರ್ಶನನಾಗಿ ಬಾಳಿದವನು ಅಲೆಗ್ಜಾಂಡರ್ ಹ್ಯಾಮಿಲ್ಟನ್.

ವೆಸ್ಟ್ ಇಂಡೀಸಿನ ನೆವಿಸ್ ಎಂಬ ಕಿರುದ್ವೀಪದಲ್ಲಿ ಈತನು ಜನಿಸಿದನು. ತಂದೆತಾಯಿಗಳು ವಿಧಿವತ್ತಾಗಿ ವಿವಾಹಿತರಲ್ಲವೆಂಬ ನಿಂದೆಯು ಹುಟ್ಟಿನಿಂದಲೇ ಅಂಟಿಕೊಂಡಿತು. ತಂದೆಯು ಸಂಸಾರವನ್ನು ತೊರೆದನು. 1768ರಲ್ಲಿ ತಾಯಿಯೂ ತೀರಿಕೊಂಡಳು. ಸೇಂಟ್ ಕ್ರಾಯ್ ದ್ವೀಪದ ವರ್ತಕರಲ್ಲಿ ಲೆಕ್ಕ ಬರೆಯುತ್ತಿದ್ದ ಈ ದಿಕ್ಕಿಲ್ಲದ ಬಾಲಕನ ಬುದ್ಧಿಗೆ ಮೆಚ್ಚಿದ ಉದಾರಿಗಳು ಧನಸಹಾಯಮಾಡಿ ವಿದ್ಯಾರ್ಜನೆಗೆ ಉತ್ತರ ಅಮೆರಿಕಾಕ್ಕೆ ಕಳುಹಿದರು.

ಸ್ವಾತಂತ್ರ್ಯಸಮರದಲ್ಲಿ 1777ರಿಂದ ಸೇನಾಪತಿ ವಾಷಿಂಗ್ಟನ್ನನ ಆಪ್ತಸಹಾಯಕನಾಗಿದ್ದಾಗ, ಸೈನಿಕರು ಅನ್ನವಸ್ತ್ರಗಳಿಲ್ಲದೆ ಬಳಲುವುದನ್ನು ಕಣ್ಣಾರೆ ಕಂಡನು. 13 ಸಂಸ್ಥಾನಗಳ ಕೂಟವಾದ ಕಾಂಗ್ರೆಸ್ಸಿಗೆ ತೆರಿಗೆಯೆತ್ತುವ ಅಧಿಕಾರವಿರಲಿಲ್ಲ. ಸಂಸ್ಥಾನಗಳು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಕಾರ್ಯವನ್ನು ಒಪ್ಪಿಸಿದವರು ಅದರ ಸಾಧನವನ್ನೂ ಒಪ್ಪಿಸಬೇಕೆಂಬ ನಿಶ್ಚಯವು ಆತನ ಮನದಲ್ಲಿ ಬೇರೂರಿತು. 1787ರಲ್ಲಿ ಫಿಲಡೆಲ್ಫಿಯದಲ್ಲಿ ರಚಿತವಾದ ರಾಜ್ಯಾಂಗವು ತನಗೆ ಪೂರ್ಣ ಸಮ್ಮತವಲ್ಲದಿದ್ದರೂ, ಮ್ಯಾಡಿಸನ್ ಮತ್ತು ಜೇ ಎಂಬವರೊಡಗೂಡಿ ಅದನ್ನು ಸಮರ್ಥಿಸಿ 85 ಲೇಖನಗಳನ್ನು ಪ್ರಕಟಿಸಿದನು. ಅವುಗಳಲ್ಲಿ 51 ಈತನವೇ.

1789ರಲ್ಲಿ ಆ ದೇಶದ ಪ್ರಥಮ ಅರ್ಥಸಚಿವನಾಗಿ, ಯುದ್ಧಕ್ಕಾಗಿ ಸಂಸ್ಥಾನಗಳು ಮಾಡಿದ್ದ ಸಾಲವನ್ನು ಕೇಂದ್ರವೇ ಹೊರುವಂತೆ ಮರುವರ್ಷ ಸಾಧಿಸಿದನು. ಇದರಿಂದ ಸಾಲಕೊಟ್ಟವರೆಲ್ಲರ ಹಿತವು ಕೇಂದ್ರದ ಉಳಿವಿನೊಡನೆ ಬೆಸೆದುಕೊಂಡಿತು. 1791ರಲ್ಲಿ ರಾಷ್ಟ್ರೀಯ ಬ್ಯಾಂಕನ್ನು ಸ್ಥಾಪಿಸಲೆಳಸಿದಾಗ, ರಾಜ್ಯಾಂಗದಲ್ಲಿ ಅಂತಹ ಅಧಿಕಾರವೇ ಇಲ್ಲವೆಂದು ಜೆಫರ್ಸನ್ನನು ಆಕ್ಷೇಪಿಸಿದನು. ಉದ್ದೇಶವು ನ್ಯಾಯವಾಗಿದ್ದು ಉಪಾಯವು ನಿಷಿದ್ಧವಲ್ಲವಾದರೆ, ಆ ಉಪಾಯವೂ ಕೊಟ್ಟ ಅಧಿಕಾರದಲ್ಲಿಯೇ ಅಡಗಿದೆಯೆಂದು ಹ್ಯಾಮಿಲ್ಟನ್ನನು ವಾದಿಸಿದನು. ಅಧ್ಯಕ್ಷ ವಾಷಿಂಗ್ಟನ್ನನು ಇದನ್ನೊಪ್ಪಿ ಸಹಿಮಾಡಿದನು. 1819ರಲ್ಲಿ ಮೇರಿಲೆಂಡ್ ಸಂಸ್ಥಾನದ ವ್ಯಾಜ್ಯದಲ್ಲಿ ಮುಖ್ಯ ನ್ಯಾಯಾಧೀಶ ಮಾರ್ಷಲನು ಇದೇ ತತ್ತ್ವವನ್ನು ಎತ್ತಿಹಿಡಿದನು. ಮುಂದೆ ಕೇಂದ್ರದ ಅಧಿಕಾರವು ಬೆಳೆದುದು ಬಹುಮಟ್ಟಿಗೆ ಈ ತಳಹದಿಯ ಮೇಲೆಯೇ.

ಜೆಫರ್ಸನ್ನನ ಭಯವು ನಿರಾಧಾರವೆನ್ನಲಾಗದು. ಮದ್ಯದ ಸುಂಕವನ್ನು ಪ್ರತಿಭಟಿಸಿದ ಪೆನ್ಸಿಲ್ವೇನಿಯದ ರೈತರ ಮೇಲೆ 1794ರಲ್ಲಿ ದಂಡು ಹೊರಟಾಗ ಹ್ಯಾಮಿಲ್ಟನ್ನನೂ ಜೊತೆಗೆ ನಡೆದನು. ಐಕ್ಯಕ್ಕಾಗಿ ಕೂಡಿಸಿದ ಬಲವು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಯು ಆ ನಾಡಿನಲ್ಲಿ ಇಂದಿಗೂ ತೀರ್ಮಾನವಾಗಿಲ್ಲ.

1804ರ ಜುಲೈ 11ರಂದು ರಾಜಕೀಯ ವೈರಿ ಆರನ್ ಬರ್‌ನೊಡನೆ ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದು ಮರುದಿನ ಅಸುನೀಗಿದನು. ದೇಶದ ಸಾಲಕ್ಕೆ ದಾರಿತೋರಿದವನು ಮಡದಿಮಕ್ಕಳಿಗೆ ಸಾಲವನ್ನೇ ಉಳಿಸಿದನು; ಸ್ನೇಹಿತರು ಚಂದಾಯೆತ್ತಿ ನೆರವಾಗಬೇಕಾಯಿತು. ಭಂಡಾರಿ ಬಸವಣ್ಣನವರನ್ನು ನಿತ್ಯವೂ ನೆನೆಯುವ ಸದ್ಭಕ್ತರು, ಪರರ ಬೊಕ್ಕಸವನ್ನು ತುಂಬಿಸಿ ತಾನು ಬರಿಗೈಯಾಗಿ ಹೋದ ಈ ಪರದೇಶದ ಭಂಡಾರಿಯ ಚರಿತ್ರೆಯನ್ನೂ ಆದರದಿಂದ ಓದುವರೆಂದು ನಂಬಿದ್ದೇವೆ.